ಮೂರನೆಯ ಡೋಸ್ ಬೇಡವೆಂದರೆ ತಪ್ಪೇನು? (2022ರ ಆಗಸ್ಟಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯವರ ನಡುವೆ ನಡೆದ ಚರ್ಚೆ)

ನೀರ್ಚಾಲಿನ ಮಾಸ್ತರ್:
2022ರ ಜುಲೈ 15ರಿಂದ 75 ದಿನಗಳ ಮಟ್ಟಿಗೆ, 18 ವರ್ಷ ದಾಟಿದ ಎಲ್ಲರಿಗೂ ಸರಕಾರಿ ಕೇಂದ್ರಗಳಲ್ಲಿ ಕೋವಿಡ್ ಲಸಿಕೆಯ ಮೂರನೆಯ, ಅಂದರೆ ಮುಂಜಾಗ್ರತಾ ಡೋಸನ್ನು ಉಚಿತವಾಗಿ ಕೊಡಲಾಗುತ್ತಿದೆ. ಎರಡನೆಯ ಡೋಸಿನ ಬಳಿಕ ಒಂಬತ್ತು ತಿಂಗಳು ಕಾಯಬೇಕೆಂದಿದ್ದ ನಿಯಮವನ್ನೂ ಆರು ತಿಂಗಳಿಗೆ ಇಳಿಸಿದ್ದಾರೆ. ಆದರೂ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಈ ಆಗಸ್ಟಿನ ಮಳೆಯಲ್ಲಿ ಮನೆಮನೆಗೆ ಹೋಗಿ ಕರೆದು ಬಂದ ಮೇಲೂ ಆರೋಗ್ಯ ಕೇಂದ್ರದ ಬೆಂಚುಗಳು ಖಾಲಿಯಾಗಿವೆ. ತಿಂಗಳು ಕಳೆದಂತೆ ಲಸಿಕೆಯ ರಕ್ಷಣೆ ಕುಂದುತ್ತದೆ ಎಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಹೀಗಿರುವಾಗ, ಸುರಕ್ಷಿತವೆಂದು ಸಾಬೀತಾದ ಲಸಿಕೆಯನ್ನು ಆರೋಗ್ಯವಂತರು ಬೇಡವೆನ್ನುವುದು ಮನೆಯ ಹಿರಿಯರಿಗೂ ನೆರೆಕರೆಗೂ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಬೇಡವೆನ್ನುವವರು ತಮ್ಮ ಕಾರಣವನ್ನು ಇಲ್ಲಿ ಹೇಳಲಿ.

ಪಡ್ರೆಯ ಕೃಷಿಕ:
‘ಸುರಕ್ಷಿತವೆಂದು ಸಾಬೀತಾದ’ ಎಂಬ ಮಾತನ್ನು ನಾನು ಒಂದನೆಯ ತರಗತಿಗೆ ಸೇರುವ ಮೊದಲಿನಿಂದಲೂ ಕೇಳುತ್ತಾ ಬಂದಿದ್ದೇನೆ, ಮಾಸ್ತರರೇ. ನಮ್ಮ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯುತ್ತಿದ್ದಾಗ, ತೆರೆದ ಬಾವಿಗೂ ತೋಡಿಗೂ ಅದು ಬಿದ್ದರೆ ಗತಿಯೇನು ಎಂದು ಕೇಳಿದ ನಮ್ಮ ಅಪ್ಪನಿಗೆ ಸಿಕ್ಕಿದ ಉತ್ತರವೂ ಇದೇ ಆಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೆ ಸುರಕ್ಷಿತವೆಂದು ಹೇಳುತ್ತಲೂ ಇದ್ದರು, ಸುರಿಯುತ್ತಲೂ ಇದ್ದರು. ನನ್ನ ತಂಗಿಗೆ ಈಗ 34 ವರ್ಷ. ಇವತ್ತಿಗೂ ಅವಳನ್ನು ಹಾಸಿಗೆಯಿಂದ ಜಗಲಿಗೆ ಎತ್ತಿಕೊಂಡೇ ತರಬೇಕು. ನಾನು ಲಸಿಕೆಯ ಒಂದು ಡೋಸನ್ನೂ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಸರಕಾರದ ಮುದ್ರೆಯನ್ನು ನಂಬಿ ಕೆಟ್ಟ ಊರಿನವನಿಗೆ ಅಷ್ಟು ಹೇಳುವ ಅಧಿಕಾರವಿದೆ.

ಉಪ್ಪಳದ ವ್ಯಾಪಾರಿ:
ನಾನು ಲಸಿಕೆಯ ವಿರೋಧಿಯಲ್ಲ. ಎರಡು ಡೋಸ್ ಕೋವಿಶೀಲ್ಡ್ ಪಡೆದವನು. ಆದರೆ ಮಾಸ್ತರರೇ ‘ರಕ್ಷಣೆ ಕುಂದುತ್ತದೆ’ ಎಂದು ಒಪ್ಪಿಕೊಂಡ ಮೇಲೆ ಉಳಿಯುವುದೇನು? ಈ ವರ್ಷದ ಜನವರಿಯಲ್ಲಿ ನಮ್ಮ ಮನೆಯಲ್ಲಿ ಎರಡೂ ಡೋಸ್ ಆದ ಐವರೂ ಜ್ವರದಲ್ಲಿ ಮಲಗಿದೆವು. 2021ರ ಆಗಸ್ಟಿನಲ್ಲಿ ಪ್ರಮಾಣಪತ್ರವನ್ನು ಹಿಡಿದು ಕರ್ನಾಟಕದ ಗಡಿಯಾದ ತಲಪಾಡಿಯಲ್ಲಿ ನಿಂತಾಗ, ಲಸಿಕೆಯಾಗಿದ್ದರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಇಲ್ಲದೆ ಬಿಡುವುದಿಲ್ಲ ಎಂದರು. ಕೊಡುವ ಸರಕಾರಕ್ಕೇ ಇಲ್ಲದ ನಂಬಿಕೆಯನ್ನು ನಾವು ಎಲ್ಲಿಂದ ತರಬೇಕು?

ಮಂಜೇಶ್ವರದ ನರ್ಸ್:
‘ಉಳಿಯುವುದೇನು’ ಎಂದು ಕೇಳಿದ್ದೀರಿ. ನಾನು ದಿನಾ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವವಳು, ಆದ್ದರಿಂದ ಉತ್ತರಿಸುತ್ತೇನೆ. ಲಸಿಕೆ ಪಡೆದ ಬಳಿಕ ರಕ್ತದಲ್ಲಿ ಏರಿದ ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಕೆಲವು ತಿಂಗಳಲ್ಲಿ ಇಳಿಯುತ್ತವೆ, ಹಾಗಾಗಿ ವೈರಸ್ಸನ್ನು ಮೂಗು ಗಂಟಲಿನಲ್ಲಿಯೇ ತಡೆಯುವ ಶಕ್ತಿ ಕುಗ್ಗುತ್ತದೆ. ಆದರೆ ನೆನಪಿನ ಕೋಶಗಳೂ ಟಿ ಕೋಶಗಳೂ ಹೆಚ್ಚು ಕಾಲ ಉಳಿದು, ಸೋಂಕು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗುವುದನ್ನು ತಡೆಯುತ್ತವೆ. ಇಂಗ್ಲೆಂಡಿನಲ್ಲಿ ಕೋವಿಶೀಲ್ಡಿನದೇ ಸೂತ್ರದ ಆಸ್ಟ್ರಾಜೆನೆಕಾ ಲಸಿಕೆಯ ಎರಡು ಡೋಸ್ ಪಡೆದು 20 ವಾರ ಕಳೆದವರಲ್ಲಿ, ರೋಗಲಕ್ಷಣವಿರುವ ಸೋಂಕಿನಿಂದ ರಕ್ಷಣೆ ಶೇ. 44ಕ್ಕೆ ಇಳಿದಿದ್ದರೂ, ಆಸ್ಪತ್ರೆಗೆ ಸೇರುವಂತಾಗುವುದರಿಂದ ರಕ್ಷಣೆ ಶೇ. 80ರಷ್ಟು ಉಳಿದಿತ್ತು. ನಿಮ್ಮ ಮನೆಯ ಐವರೂ ಮಲಗಿದಿರಿ, ಐವರೂ ಎದ್ದಿರಿ. 2021ರ ಮೇ ತಿಂಗಳಲ್ಲಿ ನನ್ನ ವಾರ್ಡಿಗೆ ಬಂದವರಲ್ಲಿ ಎಷ್ಟೋ ಮಂದಿ ಏಳಲಿಲ್ಲ.

ಉಪ್ಪಳದ ವ್ಯಾಪಾರಿ:
‘ಶೇ. 80’ ಎಂಬುದು ಡೆಲ್ಟಾ ಕಾಲದ ಅಂಕಿ. ನಾನು ಮಲಗಿದ್ದು ಒಮಿಕ್ರಾನ್ ಕಾಲದಲ್ಲಿ. ಅದೇ ಇಂಗ್ಲೆಂಡಿನ ಒಮಿಕ್ರಾನ್ ಅಂಕಿಗಳಲ್ಲಿ, ಅದೇ ಲಸಿಕೆಯ ಎರಡು ಡೋಸ್ ಪಡೆದು ಐದು ತಿಂಗಳಾದವರಿಗೆ ಲಕ್ಷಣವಿರುವ ಸೋಂಕಿನಿಂದ ಬಹುಮಟ್ಟಿಗೆ ಯಾವ ರಕ್ಷಣೆಯೂ ಉಳಿದಿರಲಿಲ್ಲ. ಅಲ್ಲಿ ಮೂರನೆಯದಾಗಿ ಫೈಜರ್ ಅಥವಾ ಮಾಡರ್ನಾ ಕೊಟ್ಟಾಗ ಅದು ಮತ್ತೆ ಏರಿತು ನಿಜ. ನಮಗೆ ಕೊಡುತ್ತಿರುವುದಾದರೋ ಹಳೆಯ ಲಸಿಕೆಯನ್ನೇ. ಬೇರೆ ಲಸಿಕೆಯಾದ ಕೋರ್ಬೆವ್ಯಾಕ್ಸಿಗೆ ಈ ತಿಂಗಳಷ್ಟೇ ಒಪ್ಪಿಗೆ ಸಿಕ್ಕಿದೆ. ಅಲ್ಲಿನ ಅಂಕಿಯನ್ನು ತಂದು ಇಲ್ಲಿನ ಡೋಸನ್ನು ಸಮರ್ಥಿಸಬೇಡಿ.

ನೀರ್ಚಾಲಿನ ಮಾಸ್ತರ್:
ಇಲ್ಲಿನದೇ ಅಂಕಿ ಬೇಕೆಂದರೆ ತಮಿಳುನಾಡಿನ ಪೊಲೀಸರ ಲೆಕ್ಕ ಇದೆ. ಎರಡನೆಯ ಅಲೆಯಲ್ಲಿ ಲಕ್ಷಕ್ಕೂ ಹೆಚ್ಚು ಸಿಬ್ಬಂದಿಯನ್ನು ಗಮನಿಸಿದಾಗ, ಎರಡು ಡೋಸ್ ಸಾವನ್ನು ತಡೆಯುವುದರಲ್ಲಿ ಶೇ. 95ರಷ್ಟು ಪರಿಣಾಮಕಾರಿಯಾಗಿತ್ತು. ಇದಕ್ಕಿಂತ ಹೆಚ್ಚಿನ ಆಧಾರ ಯಾರಿಗೂ ಬೇಕಾಗಲಾರದು. ಇನ್ನು ಪಡ್ರೆಯ ಮಿತ್ರರು ಒಂದು ತಪ್ಪನ್ನು ತಿದ್ದಿಕೊಳ್ಳಬೇಕು. ಹೆಲಿಕಾಪ್ಟರಿನ ಸಿಂಪಡಣೆ ನಿಂತದ್ದು 2000ದಲ್ಲಿ, 2011ರಲ್ಲಿ ಅಲ್ಲ. ತಮ್ಮದೇ ಊರಿನ ಇತಿಹಾಸದಲ್ಲಿ ಹನ್ನೊಂದು ವರ್ಷ ತಪ್ಪಿದವರು ಲಸಿಕೆಯ ವಿಷಯದಲ್ಲಿ ಎಷ್ಟು ಜಾಗರೂಕರಾಗಿರಬಹುದು?

ಪಡ್ರೆಯ ಕೃಷಿಕ:
‘ತಮ್ಮದೇ ಊರಿನ ಇತಿಹಾಸ’ ಎಂದಿರಲ್ಲ, ಅದನ್ನು ನನಗೆ ನೀರ್ಚಾಲಿನಿಂದ ಕಲಿಸುವ ಅಗತ್ಯವಿಲ್ಲ. ಆಕಾಶದಿಂದ ಸುರಿಯುವುದು ನಿಂತಿತು. ದೇಶದಲ್ಲಿ ಆ ವಿಷದ ತಯಾರಿಯನ್ನೂ ಮಾರಾಟವನ್ನೂ 2011ರ ಮೇ 13ರಂದು ಸುಪ್ರೀಂ ಕೋರ್ಟು ತಡೆಯಿತು. ನಾನು ಎರಡನ್ನೂ ಸೇರಿಸಿ ಬರೆದಿದ್ದೇನೆ. ವಿಷವೆಂದು ಗೊತ್ತಾದ ಮೇಲೂ ಹತ್ತು ವರ್ಷ ಮಾರಿದರು ಎಂಬುದರಿಂದ ನನ್ನ ಮಾತಿಗೆ ಬಲವೇ ಬಂತು.

ನೀರ್ಚಾಲಿನ ಮಾಸ್ತರ್:
‘ಸುರಿಯುತ್ತಲೂ ಇದ್ದರು’ ಎಂದು ಬರೆದವರು ತಾವೇ. ಈಗ ಅದನ್ನು ಮಾರಾಟ ಎಂದು ಬದಲಾಯಿಸುತ್ತಿದ್ದೀರಿ. ಅದಲ್ಲದೆ, ಕೀಟಕ್ಕೆ ಸುರಿದ ವಿಷವನ್ನೂ ಮನುಷ್ಯನ ಜೀವ ಉಳಿಸಲೆಂದು ತಯಾರಿಸಿ, ಮನುಷ್ಯರ ಮೇಲೆಯೇ ಪರೀಕ್ಷಿಸಿ, ಅವರ ಒಪ್ಪಿಗೆ ಪಡೆದು ಕೊಡುವ ಔಷಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ನೊಂದವರ ಸಂಕಟವನ್ನು ಗುರಾಣಿಯಾಗಿ ಹಿಡಿದುಕೊಂಡು ಚರ್ಚೆ ಮಾಡಬಾರದು.

ಪಡ್ರೆಯ ಕೃಷಿಕ:
ಗುರಾಣಿ! ನನ್ನ ತಂಗಿಯನ್ನು ಗುರಾಣಿ ಎಂದಿರಿ. ನೀವು ಪಾಠ ಹೇಳಿದ ಮಕ್ಕಳ ಹೆಸರು ನಿಮಗೆ ನೆನಪಿರಬಹುದು. ಶಾಲೆಯ ಮೆಟ್ಟಿಲು ಹತ್ತಲಾಗದ ನಮ್ಮ ಮಕ್ಕಳನ್ನು ನೀವು ಕಂಡಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದಿತ್ತು. ಐದು ವರ್ಷ ಕಳೆದು ಈ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ, 3,704 ಮಂದಿಯಲ್ಲಿ ಎಂಟು ಮಂದಿಗೆ ಮಾತ್ರ ಹಣ ಸಂದಿತ್ತು. 2000ದಲ್ಲಿಯೇ ಎಲ್ಲ ಮುಗಿಯಿತು ಎನ್ನುವವರು ಇದಕ್ಕೆ ಉತ್ತರ ಕೊಡಲಿ. ‘ಒಪ್ಪಿಗೆ ಪಡೆದು’ ಎಂಬ ಮಾತಿಗಂತೂ ಅರ್ಥವೇ ಇಲ್ಲ. ಕಳೆದ ವರ್ಷ ಇದೇ ಕೇರಳದಲ್ಲಿ, ಲಸಿಕೆ ಪಡೆಯದ ಅಧ್ಯಾಪಕರು ವಾರಕ್ಕೊಮ್ಮೆ ತಮ್ಮ ಖರ್ಚಿನಲ್ಲಿ ಆರ್‌ಟಿ-ಪಿಸಿಆರ್ ಮಾಡಿಸಬೇಕು, ಇಲ್ಲವೇ ಸಂಬಳವಿಲ್ಲದ ರಜೆಯಲ್ಲಿರಬೇಕು ಎಂದರಲ್ಲವೇ?

ಕಾಸರಗೋಡಿನ ವಕೀಲ:
‘ಒಪ್ಪಿಗೆ’ಯ ಪ್ರಶ್ನೆ ಈಗ ಇತ್ಯರ್ಥವಾಗಿದೆ. 2022ರ ಮೇ 2ರಂದು, ಲಸಿಕೆಯ ಕಡ್ಡಾಯವನ್ನು ಪ್ರಶ್ನಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ, ದೇಹದ ಮೇಲಿನ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿಯೇ ಅಡಗಿದೆ, ಯಾರನ್ನೂ ಲಸಿಕೆಗೆ ಬಲವಂತಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಲಸಿಕೆ ಪಡೆಯದವರ ಮೇಲೆ ಹೇರಿದ ನಿರ್ಬಂಧಗಳನ್ನು, ಸೋಂಕು ಕಡಿಮೆಯಿರುವಷ್ಟು ಕಾಲ ಹಿಂತೆಗೆದುಕೊಳ್ಳುವ ಬಗ್ಗೆ ಪರಿಶೀಲಿಸಿ ಎಂದೂ ಹೇಳಿದೆ. ಆದ್ದರಿಂದ ಪಡ್ರೆಯವರು ಯಾರಿಗೂ ಕಾರಣ ಹೇಳಬೇಕಾಗಿಲ್ಲ.

ಮಂಜೇಶ್ವರದ ನರ್ಸ್:
ವಕೀಲರೇ, ಅದೇ ತೀರ್ಪಿನಲ್ಲಿ ಕೇಂದ್ರದ ಲಸಿಕಾ ನೀತಿ ವಿವೇಚನೆಯಿಲ್ಲದ್ದಲ್ಲ ಎಂದೂ, ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಸರಕಾರವು ಮಿತಿಯೊಳಗಿನ ನಿರ್ಬಂಧಗಳನ್ನು ಹೇರಬಹುದೆಂದೂ ಇದೆ. ಅದನ್ನು ಬಿಟ್ಟು ಓದಬಾರದು. ಪಡ್ರೆಯ ಅಣ್ಣನಲ್ಲಿ ನನ್ನದೊಂದು ಪ್ರಶ್ನೆಯಿದೆ. ನಿಮ್ಮ ಊರಿನ ಕಾಯಿಲೆಗಳಿಗೆ ಎಂಡೋಸಲ್ಫಾನೇ ಕಾರಣವಿರಬೇಕೆಂದು ಸರಕಾರಿ ಕಡೆಯಿಂದ ಗಟ್ಟಿಯಾಗಿ ಹೇಳಿದ್ದು ಯಾರು? ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಸಂಸ್ಥೆ. ಅಂದು ಅವರು ಮಕ್ಕಳ ರಕ್ತವನ್ನು ಪರೀಕ್ಷಿಸಿ ಬರೆದದ್ದನ್ನು ನೀವು ನಂಬುತ್ತೀರಿ, ಅದನ್ನೇ ಹಿಡಿದು ಹೋರಾಡಿದಿರಿ. ಇಂದು ಅದೇ ಐಸಿಎಂಆರ್ ಲಸಿಕೆಯ ಬಗ್ಗೆ ಹೇಳಿದರೆ ಅದು ‘ಸರಕಾರದ ಮುದ್ರೆ’ ಹೇಗಾಗುತ್ತದೆ?

ಪಡ್ರೆಯ ಕೃಷಿಕ:
‘ಹೋರಾಡಿದಿರಿ’ ಎಂದಿರಲ್ಲ ಅಕ್ಕ, ಅದೇ ನನ್ನ ಉತ್ತರ. ವರದಿ ಬಂದದ್ದು 2002ರಲ್ಲಿ. ಅದನ್ನು ಅಲ್ಲಗಳೆಯಲು ಎಷ್ಟು ಸಮಿತಿಗಳು ಕುಳಿತವು ಎಂಬುದನ್ನು ನಾವು ಕಂಡವರು. ಸತ್ಯ ಹೇಳಿದವರನ್ನು ಅಷ್ಟು ವರ್ಷ ಮೂಲೆಗೆ ತಳ್ಳಿದ ವ್ಯವಸ್ಥೆಯೇ ಇಂದು ಲಸಿಕೆಯಿಂದ ತೊಂದರೆಯಾದವರ ಲೆಕ್ಕವನ್ನೂ ಬರೆಯುತ್ತಿದೆ. ಆ ಲೆಕ್ಕವನ್ನು ನಾನು ನಂಬುವುದಿಲ್ಲ.

ಮಂಜೇಶ್ವರದ ನರ್ಸ್:
ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಕೋವಿಶೀಲ್ಡಿನ ಬಳಿಕ ರಕ್ತ ಹೆಪ್ಪುಗಟ್ಟಿರಬಹುದಾದ ಪ್ರಕರಣಗಳು ಹತ್ತು ಲಕ್ಷ ಡೋಸಿಗೆ 0.61 ಎಂದು ಅಡ್ಡಪರಿಣಾಮಗಳ ರಾಷ್ಟ್ರೀಯ ಸಮಿತಿಯ ವರದಿಯನ್ನು ಆಧರಿಸಿ 2021ರ ಮೇ ತಿಂಗಳಲ್ಲಿಯೇ ಪ್ರಕಟಿಸಿದರು. ತೀವ್ರ ತಲೆನೋವು, ಉಸಿರಾಟದ ತೊಂದರೆ, ಕಾಲಿನ ಬಾವು ಕಂಡರೆ 20 ದಿನಗಳವರೆಗೆ ಎಚ್ಚರದಿಂದಿರಿ ಎಂದು ನಾವು ಹೇಳಿಯೇ ಕಳುಹಿಸುತ್ತಿದ್ದೆವು. ಎಂಡೋಸಲ್ಫಾನ್ ಸುರಿದವರು ಹಾಗೆ ಹೇಳಿದ್ದುಂಟೇ?

ಉಪ್ಪಳದ ವ್ಯಾಪಾರಿ:
‘0.61’ ಎಂಬುದು ವರದಿಯಾದ ಪ್ರಕರಣಗಳ ಲೆಕ್ಕ ಮಾತ್ರ. ವರದಿಯಾಗದವು? ಮಾಸ್ತರರ ಪೊಲೀಸರ ಲೆಕ್ಕವೂ ಹೀಗೆಯೇ. ಲಸಿಕೆ ಬಂದ ಮೊದಲ ಕೆಲವು ತಿಂಗಳ ಅಂಕಿಯಿಂದ ಒಂದು ವರ್ಷದ ಬಳಿಕ ರಕ್ಷಣೆ ಎಷ್ಟು ಕುಂದಿದೆ ಎಂದು ಹೇಗೆ ತಿಳಿಯುತ್ತದೆ? ತಲಪಾಡಿಯ ಬಗ್ಗೆಯಂತೂ ಯಾರೂ ಬಾಯಿ ಬಿಟ್ಟಿಲ್ಲ.

ನೀರ್ಚಾಲಿನ ಮಾಸ್ತರ್:
ತಲಪಾಡಿಯಲ್ಲಿ ಕರ್ನಾಟಕ ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ. 2020ರಲ್ಲಿ ರಸ್ತೆಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳನ್ನು ತಡೆದ ನೋವು ನನಗೂ ಇದೆ. ಆದರೆ 2021ರ ಜುಲೈ ಕೊನೆಗೆ ದೇಶದ ಹೊಸ ಪ್ರಕರಣಗಳಲ್ಲಿ ಅರ್ಧದಷ್ಟು ಕೇರಳದ್ದೇ ಆಗಿದ್ದವು. ದೇಶದಲ್ಲಿ ಶೇ. 67.6 ಮಂದಿಯಲ್ಲಿ ಪ್ರತಿಕಾಯಗಳು ಕಂಡಾಗ ಕೇರಳದಲ್ಲಿ ಕಂಡದ್ದು ಶೇ. 44.4 ಮಂದಿಯಲ್ಲಿ. ಇನ್ನೂ ಸೋಂಕು ತಗಲದ ಜನ ನಮ್ಮಲ್ಲಿ ಹೆಚ್ಚಿದ್ದರು. ಆದುದರಿಂದಲೇ ನಮಗೆ ಲಸಿಕೆಯ ಅಗತ್ಯವೂ ಹೆಚ್ಚಿತ್ತು. ಪಡ್ರೆಯವರಲ್ಲಿ ನೇರವಾಗಿ ಕೇಳುತ್ತೇನೆ: ಹಾಸಿಗೆಯಲ್ಲಿರುವ ತಂಗಿಗೆ ಹೊರಗಿನಿಂದ ಸೋಂಕನ್ನು ತರಬಹುದಾದವರು ತಾವೇ ಅಲ್ಲವೇ?

ಕಾಸರಗೋಡಿನ ವಕೀಲ:
‘ಸೋಂಕನ್ನು ತರಬಹುದಾದವರು’ ಎಂಬ ವಾದವನ್ನು ಸುಪ್ರೀಂ ಕೋರ್ಟು ಕೇಳಿಸಿಕೊಂಡಿದೆ. ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಹರಡುತ್ತದೆ ಎಂಬುದಕ್ಕೆ ಸರಕಾರಗಳು ತನ್ನ ಮುಂದೆ ಅಂಕಿಅಂಶವನ್ನು ಇಡಲಿಲ್ಲ ಎಂದು ಅದು ದಾಖಲಿಸಿದೆ. ಒಬ್ಬರ ಮನೆಯ ರೋಗಿಯನ್ನು ಮುಂದಿಟ್ಟು ಹೀಗೆ ಕೇಳುವುದು ಸರಿಯಲ್ಲ.

ಪಡ್ರೆಯ ಕೃಷಿಕ:
ವಕೀಲರೇ, ನನ್ನ ಪರವಾಗಿ ಉತ್ತರಿಸಬೇಡಿ. ಮಾಸ್ತರರು ತಂಗಿಯ ವಿಷಯ ಎತ್ತಿದ್ದರಿಂದ ಹೇಳುತ್ತೇನೆ. ಅವಳಿಗೆ ಎರಡೂ ಡೋಸ್ ಆಗಿದೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿಯೇ ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ತಂಡದವರು ಮನೆಗೇ ಬಂದು ಕೊಟ್ಟರು. ಅವಳು ಕೈ ಕೊಸರದಂತೆ ಹಿಡಿದುಕೊಂಡವನು ನಾನೇ. ಅಂದು ಬಂದ ನರ್ಸಮ್ಮ ಸುರಕ್ಷಿತವೆಂದು ಭಾಷಣ ಮಾಡಲಿಲ್ಲ. ಅವಳ ಅಪಸ್ಮಾರದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮರುದಿನವೂ ವಿಚಾರಿಸಿದರು. ಅದು ಅವಳ ವಿಷಯ. ನನ್ನ ದೇಹದ ಬಗ್ಗೆ ನನ್ನ ನಿರ್ಧಾರದಲ್ಲಿ ಬದಲಾವಣೆಯಿಲ್ಲ.

ಮಂಜೇಶ್ವರದ ನರ್ಸ್:
ಅಣ್ಣ, ಎರಡನೆಯ ಡೋಸ್ ಆಗಿ ಆರು ತಿಂಗಳು ಕಳೆದಿದ್ದರೆ ಅವರಿಗೆ ಮೂರನೆಯದನ್ನೂ ಮನೆಗೆ ಬಂದು ಕೊಡಬಹುದೇ ಎಂದು ಪಾಲಿಯೇಟಿವ್ ತಂಡದವರನ್ನು ಕೇಳಿ. ಸೆಪ್ಟೆಂಬರ್ ಮುಗಿಯುವ ಮೊದಲೇ ಕೇಳಿ.

ಪಡ್ರೆಯ ಕೃಷಿಕ:
ಸೋಮವಾರವೇ ಕೇಳಿಯಾಗಿದೆ, ಬರುತ್ತೇವೆ ಎಂದಿದ್ದಾರೆ. 3,704 ಮಂದಿಯ ಬಗ್ಗೆ ಮಾಸ್ತರರ ಉತ್ತರ ಮಾತ್ರ ಇನ್ನೂ ಬಂದಿಲ್ಲ.