ಸಹಾಯ ಬೇಕು: ಈ ಬ್ಲ್ಯಾಕ್ ವಿಡೋ ಜೇಡ ಗಂಡೋ, ಬಲಿಯದ ಹೆಣ್ಣೋ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಗ್ಯಾರೇಜಿನ ಮೂಲೆಯಲ್ಲಿ, ಮಗಳ ಸೈಕಲ್ಲಿನ ಹಿಂದೆ, ಎರಡು ಜೇಡಗಳಿವೆ. ದೊಡ್ಡದು ಹೆಣ್ಣೇ, ಅನುಮಾನವಿಲ್ಲ: ಮಿರಮಿರ ಮಿಂಚುವ ಕಪ್ಪು, ಗುಂಡು ಹೊಟ್ಟೆ, ಅದರಡಿ ಮರಳು ಗಡಿಯಾರದಂಥ ಕೆಂಪು ಗುರುತು.

ತೊಡಕು ಸಣ್ಣದರದ್ದು. ಗಾತ್ರ ಅರ್ಧದಷ್ಟೂ ಇಲ್ಲ, ಕಂದು ಮೈ, ಬೆನ್ನ ಮೇಲೆ ಬಿಳಿ ಗೆರೆ. ಗಂಡು ಹೀಗೇ ಇರುತ್ತದೆ. ಆದರೆ ಬಲಿಯದ ಹೆಣ್ಣಿಗೂ ಇಂಥದೇ ಗೆರೆಗಳು! ಬಲಿತ ಗಂಡಿಗೆ ಬಾಯಿಯ ಪಕ್ಕದ ಪುಟ್ಟ ಸ್ಪರ್ಶಾಂಗಗಳ ತುದಿ ಗುಂಡಗೆ ಉಬ್ಬಿರುತ್ತದೆ, ಅದೇ ಖಾತ್ರಿ ಗುರುತು. ಫೋಟೊ ಎಷ್ಟು ಹಿಗ್ಗಿಸಿದರೂ ನನಗದು ಕಾಣುತ್ತಿಲ್ಲ.

ಗಂಡಿನಿಂದ ಅಪಾಯವಿಲ್ಲ. ಹೆಣ್ಣು ಬೆಳೆದು ಕಚ್ಚಿದರೆ ಮೈಕೈ ಸೆಟೆದುಕೊಳ್ಳುವಷ್ಟು ನೋವು, ಮಗಳಿಗಿನ್ನೂ 6 ವರ್ಷ. ಬಲ್ಲವರು ಫೋಟೊ ನೋಡಿ ದಯವಿಟ್ಟು ಇವತ್ತೇ ತಿಳಿಸಿ.