ಸಹಾಯ ಬೇಕು: ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಂತರದ ಮನಸ್ಸು ಮತ್ತು ದಾಂಪತ್ಯದ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ ಕ್ಯಾನ್ಸರ್ ಅಲ್ಲದ ಗಡ್ಡೆ) ಹಾಗೂ ವಿಪರೀತ ರಕ್ತಸ್ರಾವದ ಕಾರಣ ಕಳೆದ ವರ್ಷ ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರು. ಹೊಲಿಗೆ ಮಾಗಿದೆ, ರಕ್ತಹೀನತೆಯೂ ನೀಗಿದೆ. ಆದರೆ ಅಂಡಾಶಯ ಹೋದೊಡನೆ ಅದು ಸ್ರವಿಸುವ ಈಸ್ಟ್ರೋಜೆನ್ ಹಾರ್ಮೋನ್ ಒಮ್ಮೆಲೇ ಕುಸಿದು, ವರ್ಷಗಟ್ಟಲೆ ನಿಧಾನವಾಗಿ ಬರಬೇಕಾದ ಮುಟ್ಟುನಿಲುಗಡೆಯ ತೊಂದರೆಗಳೆಲ್ಲ ಒಟ್ಟಿಗೇ ಎರಗಬಹುದೆಂಬುದನ್ನು ಮುಂಚಿತವಾಗಿ ಯಾರೂ ಬಿಡಿಸಿ ಹೇಳಲಿಲ್ಲ. ನಡುರಾತ್ರಿ ಮೈ ಕಾವು ಏರಿ, ಬೆವತು ಬಟ್ಟೆ ಬದಲಿಸಬೇಕಾಗುತ್ತದೆ. ಸಣ್ಣ ಮಾತಿಗೂ ಅಳು ಬರುತ್ತದೆ. ಯೋನಿಯ ಶುಷ್ಕತೆಯಿಂದ ಲೈಂಗಿಕ ಕ್ರಿಯೆ ನೋವಿನದಾಗಿದ್ದು, ಬಯಕೆಯೇ ಬತ್ತಿದೆ. ಪತಿ ಒಳ್ಳೆಯವರೇ, ನನಗೆ ನೋವಾದೀತೆಂದು ಅಂಜಿ ದೂರ ಮಲಗುತ್ತಾರೆ, ನಾನದನ್ನು ತಿರಸ್ಕಾರವೆಂದು ಭಾವಿಸಿ ಕುಗ್ಗುತ್ತೇನೆ. ಮರುತಪಾಸಣೆಯಲ್ಲಿ ಕೇಳಿದಾಗ "ಮಕ್ಕಳು ದೊಡ್ಡವರಾದರಲ್ಲ, ಇನ್ನೇಕೆ ಆ ಚಿಂತೆ" ಎಂಬ ಉತ್ತರ ಸಿಕ್ಕಿತು (ಈ ವಯಸ್ಸಿಗೇ ಸಂನ್ಯಾಸ ವಿಧಿಸಿದ ಹಾಗೆ!).

ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್, ಲೂಬ್ರಿಕೆಂಟ್, ಶ್ರೋಣಿ (ಸೊಂಟದ ಕೆಳಭಾಗದ) ಸ್ನಾಯುಗಳ ಫಿಸಿಯೋಥೆರಪಿ ಇವುಗಳ ಬಗ್ಗೆ ಓದಿದ್ದೇನೆ. ತಾಯಿಗೆ ಸ್ತನ ಕ್ಯಾನ್ಸರ್ ಇದ್ದುದರಿಂದ ಹಾರ್ಮೋನಿನ ಯಾವ ಔಷಧವನ್ನೂ ತಜ್ಞರನ್ನು ಕೇಳದೆ ಆರಂಭಿಸಲಾರೆ. ಹುಬ್ಬಳ್ಳಿ–ಧಾರವಾಡದ ಸುತ್ತ ಇದನ್ನು ಮುಜುಗರವಿಲ್ಲದೆ ಕನ್ನಡದಲ್ಲಿ ಚರ್ಚಿಸುವ ಸ್ತ್ರೀರೋಗ ತಜ್ಞರು, ಗಂಡಹೆಂಡಿರಿಬ್ಬರನ್ನೂ ಕೂರಿಸಿ ಮಾತನಾಡುವ ಆಪ್ತಸಮಾಲೋಚಕರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಇಂತಹ ವಿಷಯ ಹೇಳಿಕೊಂಡವರಿದ್ದರೆ, ಅಲ್ಲಿ ಹೇಗೆ ಸ್ಪಂದಿಸಿದರೆಂದು ಖಾಸಗಿಯಾಗಿ ಬರೆದರೂ ಸಾಕು.