ಜೀನ್ಸ್ ಫೋಟೊಗಳಿಗೆ ನಮ್ಮದೇ ಸಿಡಿಎನ್: ವಾರ್ನಿಶ್ ಹಾಕಲಾ, ಎಂಜಿನ್‌ಎಕ್ಸ್ ಸಾಕಾ?

ಪ್ರಶ್ನೆ (ಬಳ್ಳಾರಿ):
ಸರ್, ನಮ್ಮದು ಜೀನ್ಸ್ ಹೊಲಿಗೆ ಘಟಕ. ಹೋಲ್‌ಸೇಲ್ ಗಿರಾಕಿಗಳಿಗೆ ಕ್ಯಾಟಲಾಗ್ ಸೈಟ್ ಇದೆ. ಫೋಟೊ, ರೇಟ್‌ಲಿಸ್ಟ್ ಪಿಡಿಎಫ್ ಎಲ್ಲಾ ಸೇರಿ 60 ಜಿಬಿ, ಮೂಲ ಸರ್ವರ್ ಬೆಂಗಳೂರಲ್ಲಿ. ದುಬೈ ಗಿರಾಕಿಗಳಿಗೆ ಫೋಟೊ ತೆರೆಯೋಕೆ ತಡ. ಅದಕ್ಕೆ ಗಿರಾಕಿಗಳ ಹತ್ತಿರವೇ ಫೈಲಿನ ಪ್ರತಿ ಇಟ್ಟು ಕೊಡೋ ಸಿಡಿಎನ್ ನಾವೇ ಮಾಡೋಣ ಅಂತ. ಮುಂಬೈ, ದುಬೈ ಎರಡೂ ಕಡೆ 2 ಜಿಬಿ ರ್ಯಾಮ್, 80 ಜಿಬಿ ಡಿಸ್ಕಿನ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ತಗೊಂಡಿದ್ದೀವಿ. ಮುಂಬೈಯಲ್ಲಿ ಹಾಗೆ ಪ್ರತಿ ಇಟ್ಟುಕೊಳ್ಳೋಕೆ (ಕ್ಯಾಶ್) ಎಂಜಿನ್‌ಎಕ್ಸ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಮುಂಜಾನೆ ನೋಡಿದ ಫೋಟೊನ ಮಧ್ಯಾಹ್ನ ಮತ್ತೆ ಬೆಂಗಳೂರಿಂದಲೇ ತರುತ್ತೆ! ಅದನ್ನ ತೆಗೆದು ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ವಾರ್ನಿಶ್ ಹಾಕಲಾ?

ಉತ್ತರ (ರಾಯಚೂರು, ಸರ್ವರ್ ಅಡ್ಮಿನ್):
ಬ್ಯಾಡ್ರಿ. ವಾರ್ನಿಶ್ ಫಾಸ್ಟ್ ಖರೆ, ಆದ್ರ ಸಾಮಾನ್ಯವಾಗಿ ಫೈಲ್ ಇಟ್ಕೊಳ್ಳೋದು ರ್ಯಾಮ್‌ನಾಗ. 60 ಜಿಬಿ ಮಾಲು 2 ಜಿಬಿಯೊಳಗ ಹೆಂಗ ತುರುಕ್ತೀರಿ? ರೀಸ್ಟಾರ್ಟ್ ಆದ್ರ ಅದೂ ಖಾಲಿ. ಇದೇ ಜಾತಿಯ ಅಪಾಚೆ ಟ್ರಾಫಿಕ್ ಸರ್ವರ್ ಡಿಸ್ಕ್‌ನಾಗೇ ಇಡ್ತದ, ಯಾಹೂದವರು ಬಳಸಿ ಪಳಗಿಸಿದ್ದು. ಎರಡು ವಿಪಿಎಸ್‌ಗೆ ಅದನ್ನ ಹಾಕೋದು ಅಂದ್ರ ಎರಡು ಕಪ್ ಚಹಾಕ್ಕ ಹಂಡೆ ಇಟ್ಟಂಗ.

ನಿಮ್ಮ ಎಂಜಿನ್‌ಎಕ್ಸ್ ಕೆಟ್ಟಿಲ್ಲ. ಅದರ ಸೆಟ್ಟಿಂಗ್ ಫೈಲಿನ ಕ್ಯಾಶ್ ಪಾಥ್ ಸಾಲಿನಾಗ 'ಇನ್‌ಆ್ಯಕ್ಟಿವ್' ಬರೆದೀರೇನು? ಬರೀದಿದ್ರ ಅದು 10 ನಿಮಿಷ. ಅಷ್ಟೊತ್ತು ಯಾರೂ ಕೇಳದ ಫೈಲನ್ನ, ಅವಧಿ ಉಳಿದಿದ್ರೂ ಅಳಿಸಿ ಹಾಕ್ತದ. ನಾನೂ ಇದರಾಗ ಎರಡು ರಾತ್ರಿ ನಿದ್ದೆಗೆಟ್ಟೀನಿ. 30 ದಿನ ಮಾಡ್ರಿ. ಮ್ಯಾಕ್ಸ್ ಸೈಜ್ 65 ಜಿಬಿ ಇಡ್ರಿ, ಲಾಗ್‌ಗೂ ಜಾಗ ಬೇಕಲ್ಲ. ಕೀ ಝೋನ್ (ಕ್ಯಾಶ್‌ನಾಗಿನ ಫೈಲುಗಳ ಪಟ್ಟಿಗೆ ಮೀಸಲಿಟ್ಟ ರ್ಯಾಮ್) 10 ಎಂಬಿ ಇದ್ರ ಸುಮಾರು 80,000 ಫೈಲಿನ ಲೆಕ್ಕ ಹಿಡೀತದ.

ಇನ್ನೊಂದು, ಪ್ರಾಕ್ಸಿ ಕ್ಯಾಶ್ ಲಾಕ್ ಆನ್ ಮಾಡ್ರಿ. ಹೊಸ ಡಿಸೈನ್ ಲಿಂಕ್ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಟ್ಟ ಕೂಡಲೇ ನೂರು ಮಂದಿ ಒಂದೇ ಫೋಟೊ ಒತ್ತತಾರ. ಲಾಕ್ ಇದ್ರ ಒಬ್ಬನ ಸಲುವಾಗಿ ಬೆಂಗಳೂರಿಗೆ ಹೋಗಿ ತರ್ತದ, ಉಳಿದವರು ಬಾಗಿಲಾಗ ನಿಂತಿರ್ತಾರ.

ಪ್ರಶ್ನೆ:
ರೇಟ್ ಬದಲಾದಾಗ ಹಳೇ ಪಿಡಿಎಫ್ಫೇ ತೋರಿಸಿದ್ರೆ ಜಗಳ ಆಗುತ್ತಲ್ಲ ಸರ್? ಮತ್ತೆ, ದುಬೈಯವರು ದುಬೈ ಸರ್ವರ್‌ಗೇ ಹೋಗೋದು ಹೇಗೆ?

ಉತ್ತರ:
ಅದೇ ಹೆಸರಿನ ಮ್ಯಾಲ ಹೊಸ ಫೈಲ್ ಹಾಕಬ್ಯಾಡ್ರಿ. ಹೆಸರಿನಾಗ ತಾರೀಖೋ ನಂಬರೋ ಸೇರಿಸಿ, ಪುಟದಾಗ ಲಿಂಕ್ ಬದಲಿಸ್ರಿ. ಆಮ್ಯಾಲ ಮ್ಯಾಕ್ಸ್-ಏಜ್ (ಪ್ರತಿ ಎಷ್ಟು ಹೊತ್ತು ನಡೀತದ ಅನ್ನೋ ಅವಧಿ) 31536000 ಸೆಕೆಂಡ್, ಅಂದ್ರ ಒಂದು ವರ್ಷ, ಧೈರ್ಯದಿಂದ ಕೊಡಬಹುದು. ಪುಟಕ್ಕ ಮಾತ್ರ ಅಷ್ಟು ಕೊಡಬ್ಯಾಡ್ರಿ.

ದಾರಿ ತೋರಿಸಾಕ ಪವರ್‌ಡಿಎನ್‌ಎಸ್‌ನ ಜಿಯೋಐಪಿ ಸಾಕು. ಸೈಟ್ ಹೆಸರು ಕೇಳಿದವರ ಊರು ನೋಡಿ ಹತ್ತಿರದ ಸರ್ವರ್ ವಿಳಾಸ ಕೊಡ್ತದ. ಕೆಲವೊಮ್ಮೆ ಅದು ಗಿರಾಕಿ ಎಲ್ಲದಾನ ಅನ್ನೋದ್ರ ಬದಲು ಅವನ ಪರವಾಗಿ ವಿಳಾಸ ಕೇಳೋ ಡಿಎನ್‌ಎಸ್ ಸರ್ವರ್ ಎಲ್ಲದ ಅಂತ ನೋಡ್ತದ, ಒಬ್ಬಿಬ್ಬರು ಮುಂಬೈಗೆ ಬಂದ್ರ ಗಾಬರಿ ಆಗಬ್ಯಾಡ್ರಿ.

ಪ್ರಶ್ನೆ ಕೇಳಿದವರು:
ಇನ್‌ಆ್ಯಕ್ಟಿವ್ ಬರೆದೇ ಇರಲಿಲ್ಲ ಸರ್. ಈಗ 30 ದಿನ ಮಾಡಿ, ಊಟ ಮುಗಿಸಿ ಬಂದು ನೋಡಿದೆ. ಹೆಡರ್‌ನಲ್ಲಿ 'ಹಿಟ್' ಅಂತ ಬಂದಿದೆ, ಅಂದ್ರೆ ಫೋಟೊ ಕ್ಯಾಶ್‌ನಿಂದಲೇ ಬಂತು.